ಹುಬ್ಬಳ್ಳಿಗೆ ಒಯ್ರಿ

ಕುಂದಗೋಳ ಸೀಮೆಯ ಯಾವ ಮನೆಯಲ್ಲಿ ಕೇಳಿದರೂ ಈ ಮಾತು ಗೊತ್ತಿರುತ್ತದೆ: "ಹುಬ್ಬಳ್ಳಿಗೆ ಒಯ್ರಿ." ಹೆರಿಗೆ ಕಷ್ಟ ಆದರೂ ಅದೇ, ಎದಿ ಹಿಡಿದರೂ ಅದೇ. ದೂರ ಅಂದರೆ 20 ಕಿಲೋಮೀಟರಿನ ಆಸುಪಾಸು, ಅಷ್ಟೇ. ಆದರೆ ಒಯ್ದಲ್ಲಿ ನೋಡೋ ಡಾಕ್ಟರ್ ಎಲ್ಲಿಂದ ಬಂದ, ನಮ್ಮೂರ ಹುಡುಗ ಯಾಕೆ ಡಾಕ್ಟರ್ ಆಗಲಿಲ್ಲ ಅಂತ ಕೇಳಿದರೆ ಕಥೆ ದೊಡ್ಡದಾಗ್ತದೆ.

ಬ್ರಿಟಿಷರ ಕಾಲದಲ್ಲಿ ಹುಬ್ಬಳ್ಳಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಕುಂದಗೋಳ ಮಾತ್ರ ಪಟವರ್ಧನರ ಜಮಖಂಡಿ ಸಂಸ್ಥಾನದ್ದು. ರಾಜಧಾನಿ ನೂರು ಮೈಲಿ ದೂರ! ಅತ್ತ ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜಿನವರದು, ಸವಣೂರು ನವಾಬರದು. ಎತ್ತಿನ ಚಕ್ಕಡಿ ಕಟ್ಟಿಕೊಂಡು ಹೊರಟರೆ ಒಂದೇ ದಿನದಲ್ಲಿ ಎರಡು ಮೂರು ರಾಜ್ಯ ದಾಟಬಹುದಿತ್ತು. ರೋಗಕ್ಕೆ ಗಡಿ ಇರಲಿಲ್ಲ, ದವಾಖಾನಿಗೆ ಇತ್ತು. 1948ರಲ್ಲಿ ಜಮಖಂಡಿ ವಿಲೀನವಾದ ಮೇಲೆ ಆ ಗಡಿ ಅಳಿಸಿತು.

ಅಳಿಸದೆ ಉಳಿದದ್ದು ಬೇರೆ ಗಡಿ, ಕಲಿಕೆಯದು. ಮುಂಬೈಯ ಗ್ರ್ಯಾಂಟ್ ಮೆಡಿಕಲ್ ಕಾಲೇಜು 1845ರಷ್ಟು ಹಳೆಯದು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಾರದವರಿಗಾಗಿ 1861ರ ಸುಮಾರಿಗೆ ದೇಶಭಾಷೆಯ ತರಗತಿಗಳೂ ಶುರುವಾದವು. ಯಾವ ಭಾಷೆ? ಮರಾಠಿ, ಗುಜರಾತಿ. ಮುಂದೆ ಪ್ರಾಂತ್ಯದ ವೈದ್ಯಶಾಲೆಗಳು ಪುಣೆ, ಅಹಮದಾಬಾದು, ಸಿಂಧದ ಹೈದರಾಬಾದಿನಲ್ಲಿ ನೆಲೆಯಾದವು. ನಮ್ಮ ಕಡೆಯ ಹುಡುಗ ಡಾಕ್ಟರಕಿ ಕಲಿಯಬೇಕಾದರೆ ಮೊದಲು ಮನೆಯ ಭಾಷೆ ಬಿಡಬೇಕು, ಆಮೇಲೆ ಮನೆ ಬಿಡಬೇಕು. ರೊಕ್ಕ ಇದ್ದವರ, ಓದಿದವರ ಮನೆಯ ಮಕ್ಕಳು ಹೋದರು. ಉಳಿದವರು ಹೊಲಕ್ಕೆ ಹೋದರು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲು ಹತ್ತಿ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿತರು. ಸಂಗೀತಕ್ಕೆ ಗುರು ನಮ್ಮೂರಲ್ಲೇ ಇದ್ದ, ವೈದ್ಯಕ್ಕೆ ಇರಲಿಲ್ಲ.

ಆ ಕಾಲದಲ್ಲಿ ಡಾಕ್ಟರರಲ್ಲೂ ಎರಡು ಜಾತಿ. ಕಾಲೇಜಿನಲ್ಲಿ ಓದಿ ಎಂ.ಬಿ.ಬಿ.ಎಸ್. ಆದವರು ಮೇಲಿನವರು. ವೈದ್ಯಶಾಲೆಯಲ್ಲಿ ಕಡಿಮೆ ವರ್ಷ ಕಲಿತು ಪರವಾನಗಿ ಪಡೆದ ಎಲ್.ಎಂ.ಪಿ., ಎಲ್.ಸಿ.ಪಿ.ಎಸ್. ಡಾಕ್ಟರರು ಕೆಳಗಿನವರು. 1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ದೇಶದಲ್ಲಿ ಸುಮಾರು 47,500 ನೋಂದಾಯಿತ ಡಾಕ್ಟರರಿದ್ದರು. ಅವರಲ್ಲಿ 30,000ದಷ್ಟು ಜನ ಈ ಎರಡನೆಯ ಸಾಲಿನವರೇ. ಇನ್ನು ಮುಂದೆ ಒಂದೇ ಬಗೆಯ ಡಾಕ್ಟರ್ ಸಾಕು, ಎಲ್ಲ ಶಕ್ತಿ ಅದಕ್ಕೇ ಹಾಕೋಣ ಅಂತ ಸಮಿತಿ ಹೇಳಿತು. ಡಾಕ್ಟರರೇ ಇಷ್ಟು ಕಡಿಮೆ ಇರುವಾಗ ಇದು ಸರಿಯಲ್ಲ ಅಂತ ಕೆಲ ಸದಸ್ಯರು ಭಿನ್ನಮತ ಬರೆದರು. ಸಮಿತಿಯ ಮಾತಿನಲ್ಲಿ ನ್ಯಾಯ ಇತ್ತು ನೋಡ್ರಿ. ಹಳ್ಳಿಯವರಿಗೆ ಮಾತ್ರ ಅರ್ಧ ಕಲಿತ ಡಾಕ್ಟರ್ ಯಾಕೆ? ಆದರೆ ಮ್ಯಾಟ್ರಿಕ್ ಮುಗಿಸಿದ ಬಡವರ ಹುಡುಗನಿಗೆ ಎಟುಕುತ್ತಿದ್ದ ಸಣ್ಣ ಬಾಗಿಲೂ ಅದರ ಜೊತೆ ಮುಚ್ಚಿತು. ದೊಡ್ಡ ಬಾಗಿಲು ಅವನಿಗೆ ಇನ್ನೂ ತೆರೆದಿರಲಿಲ್ಲ.

ಅದು ತೆರೆದದ್ದು 1957ರಲ್ಲಿ. ರಾಜ್ಯ ಒಂದಾದ ಮರುವರ್ಷವೇ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾಯಿತು. ಹಳೇ ಮೈಸೂರಿನವರಿಗೆ ಈ ಭಾಗ್ಯ 1924ರಲ್ಲೇ ಸಿಕ್ಕಿತ್ತು. ನಮಗೆ 33 ವರ್ಷ ತಡ. ಆದರೂ ಏಕೀಕರಣ ಅಂದರೆ ಬರೇ ನಕಾಶೆ ಅಲ್ಲ, ಇದೂ ಏಕೀಕರಣವೇ. ಈಗ ಹೆಸರು ಏನೇ ಆಗಿರಲಿ, ಮಂದಿ ಅದನ್ನ ಕಿಮ್ಸ್ ಅಂತಲೇ ಕರೀತಾರೆ. "ಹುಬ್ಬಳ್ಳಿಗೆ ಒಯ್ರಿ" ಅಂದರೆ ಬಡವರ ಪಾಲಿಗೆ ಅಲ್ಲಿಗೇ.

ಗಡಿ ಮತ್ತೆ ಬಂತು, ಈ ಸಲ ರೊಕ್ಕದ್ದು. ಖಾಸಗಿ ಕಾಲೇಜುಗಳ ಡೊನೇಶನ್ ಹಾವಳಿ ತಡೆಯಲು 1984ರಲ್ಲಿ ರಾಜ್ಯ ಕಾಯ್ದೆ ಮಾಡಿತು. ಆದರೆ 1989ರ ಅಧಿಸೂಚನೆ ನೋಡಿದರೆ, ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಅಂದಿತು. ಮರುವರ್ಷವೇ ಇನ್ನೊಂದು ತೀರ್ಪಿನಲ್ಲಿ ಪೇಮೆಂಟ್ ಸೀಟು ನಿಯಮದ ಒಳಗೇ ಬಂದು ಕೂತಿತು. ಇತ್ತ ಗ್ರಾಮೀಣ ವಿದ್ಯಾರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು ಬಂದದ್ದು ನಿಜವಾದ ಆಸರೆ.

ಆಮೇಲೆ ನೀಟ್. 2019ರ ಮೇ 5ರಂದು ಹಂಪಿ ಎಕ್ಸ್‌ಪ್ರೆಸ್ ತಾಸುಗಟ್ಟಲೆ ತಡವಾಗಿ, ಉತ್ತರ ಕರ್ನಾಟಕದ ನೂರಾರು ಮಕ್ಕಳು ಬೆಂಗಳೂರಿನ ಪರೀಕ್ಷಾ ಕೇಂದ್ರ ಮುಟ್ಟಲಾಗಲಿಲ್ಲ. ಕೂಗು ಎದ್ದ ಮೇಲೆ ಮೇ 20ರಂದು ಮತ್ತೆ ಪರೀಕ್ಷೆ ಕೊಟ್ಟರು. ಆ ಸುದ್ದಿ ಓದಿದಾಗ ನನಗೆ ಪುಣೆ ರೈಲು ಹತ್ತುತ್ತಿದ್ದ ಹಳೆಯ ಕಾಲದ ಹುಡುಗರು ನೆನಪಾದರು. ನೂರು ವರ್ಷ ಕಳೆದರೂ ಡಾಕ್ಟರಕಿ ರೈಲಿನ ಆ ತುದಿಯಲ್ಲೇ ಇತ್ತು.

ಹಳ್ಳಿಗೆ ಡಾಕ್ಟರ್ ಹೋಗಲ್ಲ ಅಂತ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆ ಮಾಡಿದರು. ಇರಲಿ, ಬೇಕು. ಆದರೆ ಹೊರಗಿನವರನ್ನು ಒಂದು ವರ್ಷ ಕಾಯ್ದೆಯಿಂದ ಕಳಿಸೋದು ಬೇರೆ, ಊರಿನ ಮಗಳೇ ಕಲಿತು ಬರೋದು ಬೇರೆ. ಕುಂದಗೋಳದ ಸರ್ಕಾರಿ ಶಾಲೆಯಲ್ಲಿ ಇವತ್ತು ವಿಜ್ಞಾನದ ಪುಸ್ತಕ ಹಿಡಿದು ಕೂತ ಹುಡುಗಿ ಆ ಬಾಗಿಲು ದಾಟುತ್ತಾಳೋ ಇಲ್ಲವೋ ಅನ್ನೋದರ ಮೇಲೆ, "ಹುಬ್ಬಳ್ಳಿಗೆ ಒಯ್ರಿ" ಅನ್ನೋ ಮಾತು ಇನ್ನೆಷ್ಟು ವರ್ಷ ಕೇಳಬೇಕು ಅನ್ನೋದು ನಿಂತದೆ.