ಕಾರಿಗೆ ಹೊಸ ಚಕ್ರ, ಹೊಸ ಟೈರ್: ಅಂದಕ್ಕಿಂತ ಅಳತೆ ಮುಖ್ಯ

ಕಾರು ಕೊಂಡು ನಾಲ್ಕೈದು ವರ್ಷ ಉರುಳುವ ಹೊತ್ತಿಗೆ ಕಂಪನಿ ಕೊಟ್ಟ ಟೈರುಗಳು ಸವೆಯುತ್ತ ಬಂದಿರುತ್ತವೆ. ಹೊಸ ಟೈರ್ ಹಾಕಿಸಲು ಅಂಗಡಿಗೆ ಹೋದ ಮಾಲೀಕರಿಗೆ ಇನ್ನೊಂದು ಆಸೆಯೂ ಹುಟ್ಟುತ್ತದೆ. ಹೇಗೂ ಖರ್ಚು ತಪ್ಪದು. ಕಬ್ಬಿಣದ ಚಕ್ರ ತೆಗೆಸಿ ಅಲಾಯ್ ಹಾಕಿಸಿದರೆ, ತುಸು ಅಗಲದ ಟೈರ್ ಕೂರಿಸಿದರೆ ಕಾರಿನ ರೂಪವೇ ಬದಲಾಗುತ್ತದೆ ಎಂಬುದು ಆ ಆಸೆ. ಅಂಗಡಿಯ ಗೋಡೆಯಲ್ಲಿ ಸಾಲಾಗಿ ಹೊಳೆಯುವ ಚಕ್ರಗಳು ಅದಕ್ಕೆ ಇಂಬು ಕೊಡುತ್ತವೆ.

ಆದರೆ ಇದು ಸೀಟಿನ ಕವರ್ ಬದಲಿಸಿದಷ್ಟು ಸರಳ ಸಂಗತಿಯಲ್ಲ. ಒಂದು ಟನ್ನಿನ ಆಸುಪಾಸು ತೂಗುವ ಸಣ್ಣ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ. ಪ್ರತಿಯೊಂದು ಕಡೆಯೂ ಹೆಚ್ಚೂಕಡಿಮೆ ಒಂದು ಅಂಗೈ ಅಗಲ. ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ಕಾರು ಜಾರದಿರುವುದು, ಮಳೆಯಲ್ಲಿ ಸಮಯಕ್ಕೆ ಸರಿಯಾಗಿ ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳನ್ನೇ ಅವಲಂಬಿಸಿವೆ. ಆದ್ದರಿಂದ ಬದಲಾವಣೆಗೆ ಮುನ್ನ ಕೆಲವು ಮೂಲ ಸಂಗತಿಗಳನ್ನು ಅರಿತಿರುವುದು ಒಳಿತು.

ಟೈರ್ ಮೇಲಿನ ಬರಹ

ಟೈರಿನ ಪಕ್ಕದ ಗೋಡೆಯ ಮೇಲೆ ಅದರ ಜಾತಕವೇ ಇರುತ್ತದೆ. ಉದಾಹರಣೆಗೆ 185/65 ಆರ್15 88ಎಚ್ ಎಂಬ ಬರಹವನ್ನು ಗಮನಿಸಬಹುದು. 185 ಎಂಬುದು ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65ರಷ್ಟಿದೆ ಎಂದರ್ಥ. ‘ಆರ್’ ಅಕ್ಷರವನ್ನು ಅನೇಕರು ತ್ರಿಜ್ಯ ಎಂದು ಭಾವಿಸುವುದುಂಟು. ವಾಸ್ತವವಾಗಿ ಅದು ‘ರೇಡಿಯಲ್’ ಎಂಬ ರಚನೆಯ ಸೂಚಕ. ಫ್ರಾನ್ಸ್‌ನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರಚನೆ ಇದು. 15 ಎಂಬುದು ಟೈರ್ ಕೂರುವ ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಕೊನೆಯ 88 ಎಂಬುದು ಭಾರದ ಸೂಚ್ಯಂಕ. ಅಂದರೆ ಒಂದು ಟೈರ್ 560 ಕಿಲೋ ಭಾರವನ್ನು ಹೊರಬಲ್ಲದು. 82 ಎಂದಿದ್ದರೆ 475 ಕಿಲೋ, 85 ಎಂದಿದ್ದರೆ 515 ಕಿಲೋ. ‘ಎಚ್’ ವೇಗದ ಮಿತಿಯನ್ನು ಹೇಳುತ್ತದೆ: ಗಂಟೆಗೆ 210 ಕಿ.ಮೀ. ‘ಎಸ್’ಗೆ 180, ‘ಟಿ’ಗೆ 190 ಕಿ.ಮೀ. ಮಿತಿ. ಹೊಸ ಟೈರಿನ ಈ ಎರಡೂ ಸೂಚ್ಯಂಕಗಳು ಕಾರಿಗೆ ಕಂಪನಿ ನಿಗದಿಪಡಿಸಿದ್ದಕ್ಕಿಂತ ಕಡಿಮೆ ಇರಕೂಡದು. ಐದು ಜನ ಕುಳಿತು, ಡಿಕ್ಕಿಯ ತುಂಬ ಸಾಮಾನು ಹೇರಿ ಊರಿಗೆ ಹೊರಡುವ ಕುಟುಂಬಕ್ಕೆ ಭಾರದ ಸೂಚ್ಯಂಕವೇ ಮೊದಲ ರಕ್ಷೆ.

ಹೊರವ್ಯಾಸದ ಲೆಕ್ಕ

ಚಕ್ರ ದೊಡ್ಡದಾದಾಗ ಟೈರಿನ ಗೋಡೆ ಗಿಡ್ಡವಾಗಬೇಕು. ಒಟ್ಟು ಹೊರವ್ಯಾಸ ಮಾತ್ರ ಮೊದಲಿನಂತೆಯೇ ಉಳಿಯಬೇಕು. ಇದೇ ಈ ಬದಲಾವಣೆಯ ಮೂಲ ಸೂತ್ರ. 2018ರಲ್ಲಿ ಭಾರತಕ್ಕೆ ಬಂದ ಮೂರನೇ ಪೀಳಿಗೆಯ ಮಾರುತಿ ಸುಜುಕಿ ಸ್ವಿಫ್ಟ್ ಕಾರಿನ ಉದಾಹರಣೆ ನೋಡಬಹುದು. ಅದರ ಕೆಳಹಂತದ ಮಾದರಿಗಳಿಗೆ 165/80 ಆರ್14 ಟೈರ್, ಮೇಲ್ಹಂತದ ಮಾದರಿಗಳಿಗೆ 185/65 ಆರ್15 ಟೈರ್ ಇತ್ತು. ಮೊದಲನೆಯದರ ಹೊರವ್ಯಾಸ 619.6 ಮಿ.ಮೀ., ಎರಡನೆಯದರದು 621.5 ಮಿ.ಮೀ. ವ್ಯತ್ಯಾಸ ಶೇ 0.3 ಮಾತ್ರ.

ಇದೇ ಕಾರಿಗೆ ಎತ್ತರವಾಗಿ ಕಾಣಲೆಂದು 205/65 ಆರ್15 ಟೈರ್ ಹಾಕಿದರೆ ಹೊರವ್ಯಾಸ 647.5 ಮಿ.ಮೀ. ಆಗುತ್ತದೆ. ಆಗ ಸ್ಪೀಡೋಮೀಟರ್ ಮುಳ್ಳು ಅದೇ ಅಂಕಿಯ ಮೇಲಿದ್ದರೂ ಕಾರು ಮೊದಲಿಗಿಂತ ಶೇ 4.5ರಷ್ಟು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಓಡಿದ ದೂರವನ್ನು ಮೀಟರ್ ಕಡಿಮೆ ತೋರಿಸುತ್ತದೆ. ಎಂಜಿನ್ ಎಳೆಯುವ ಶಕ್ತಿ ಕುಂದಿದಂತೆ ಅನಿಸುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡ್ ಒಳಭಾಗಕ್ಕೆ ಉಜ್ಜುವ ಸಂಭವವೂ ಇದೆ. ಹೊರವ್ಯಾಸದ ವ್ಯತ್ಯಾಸವನ್ನು ಶೇ 2ರೊಳಗೆ ಇಟ್ಟುಕೊಳ್ಳುವುದು ಕ್ಷೇಮ.

ಅಗಲದ ಲಾಭ, ನಷ್ಟ

ಟೈರ್ ಅಗಲವಾದಷ್ಟೂ ಹಿಡಿತ ಹೆಚ್ಚು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧಸತ್ಯ. ರಸ್ತೆಗೆ ತಾಗುವ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾರಿನ ಭಾರ ಮತ್ತು ಟೈರಿನೊಳಗಿನ ಗಾಳಿಯ ಒತ್ತಡ. ಅಗಲದ ಟೈರಿನಲ್ಲಿ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಇದರಿಂದ ಅನುಕೂಲವಿದೆ. ಆದರೆ ನೀರು ನಿಂತ ರಸ್ತೆಯಲ್ಲಿ ಅಗಲದ ಟೈರ್ ನೀರಿನ ಮೇಲೆ ಬೇಗ ತೇಲತೊಡಗುತ್ತದೆ. ಆ ಗಳಿಗೆಯಲ್ಲಿ ಸ್ಟೀರಿಂಗೂ ಬ್ರೇಕೂ ಕೆಲಸಕ್ಕೆ ಬಾರವು. ಮುಂಗಾರಿನಲ್ಲಿ ಶಿರಾಡಿ, ಆಗುಂಬೆ ಘಾಟಿಗಳಲ್ಲಿ ಕಾರು ಓಡಿಸುವವರಿಗೆ ಟೈರಿನ ಅಗಲಕ್ಕಿಂತ ಅದರ ಗೀರುಗಳ ಆಳವೇ ಮುಖ್ಯ.

ಗಿಡ್ಡ ಗೋಡೆಯ ಟೈರಿನದು ಇನ್ನೊಂದು ತೊಡಕು. ಮೇಲಿನ ಸ್ವಿಫ್ಟ್ ಉದಾಹರಣೆಯಲ್ಲಿ 14 ಇಂಚಿನ ಟೈರಿನ ಗೋಡೆ 132 ಮಿ.ಮೀ. ಎತ್ತರವಿದೆ. 15 ಇಂಚಿನದಕ್ಕೆ ಅದು 120 ಮಿ.ಮೀ. ಒಂದು ಹೆಜ್ಜೆ ಮುಂದೆ ಹೋಗಿ 195/55 ಆರ್16 ಟೈರ್ ಹಾಕಿಸಿದರೆ ಹೊರವ್ಯಾಸ ಸರಿಹೊಂದಿದರೂ ಗೋಡೆ 107 ಮಿ.ಮೀ.ಗೆ ಇಳಿಯುತ್ತದೆ. ಅಂದರೆ ರಸ್ತೆಯ ಗುಂಡಿಗೂ ಚಕ್ರದ ಅಂಚಿಗೂ ನಡುವಿನ ಮೆತ್ತೆ ಸುಮಾರು ಒಂದು ಇಂಚು ತೆಳುವಾಯಿತು. ಬಣ್ಣ ಬಳಿಯದ ಹಂಪುಗಳು, ಮಳೆನೀರಿನಡಿ ಅಡಗಿದ ಗುಂಡಿಗಳು ನಮ್ಮ ರಸ್ತೆಗಳಲ್ಲಿ ಅಪರೂಪವಲ್ಲ. ರಭಸದಿಂದ ಗುಂಡಿಗೆ ಇಳಿದಾಗ ಟೈರಿನ ಗೋಡೆಯೊಳಗಿನ ದಾರಗಳು ತುಂಡಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಇಲ್ಲ, ಅದನ್ನು ತೆಗೆದುಹಾಕಬೇಕು.

ಅಲಾಯ್ ಚಕ್ರ: ಹೊಂದಾಣಿಕೆಯ ಅಂಶಗಳು

ಅಲಾಯ್ ಎಂದ ಮಾತ್ರಕ್ಕೆ ಹಗುರ ಎನ್ನಲಾಗದು. ಒಂದೇ ಅಳತೆಯಲ್ಲಿ ಉತ್ತಮವಾಗಿ ತಯಾರಾದ ಅಲಾಯ್ ಚಕ್ರ ಕಬ್ಬಿಣದ ಚಕ್ರಕ್ಕಿಂತ ಹಗುರವಿರಬಹುದು. ಆದರೆ 14 ಇಂಚಿನ ಕಬ್ಬಿಣದ ಚಕ್ರ ತೆಗೆದು 16 ಇಂಚಿನ ಅಗ್ಗದ ಅಲಾಯ್ ಹಾಕಿಸಿದಾಗ ತೂಕ ಏರುವುದೇ ಹೆಚ್ಚು. ಚಕ್ರದ ತೂಕ ಏರಿದರೆ ಮೈಲೇಜ್, ಸಸ್ಪೆನ್ಷನ್ ಎರಡಕ್ಕೂ ಹೊರೆ. ಪೆಟ್ಟು ಬಿದ್ದಾಗ ಕಬ್ಬಿಣದ ಚಕ್ರ ಬಾಗುತ್ತದೆ. ಅಲಾಯ್ ಬಿರುಕು ಬಿಡಬಹುದು. ಬೆಸುಗೆ ಹಾಕಿ ಬಣ್ಣ ಬಳಿದ ಹಳೆಯ ಅಲಾಯ್‌ಗಳ ಬಗ್ಗೆ ಎಚ್ಚರ ಅಗತ್ಯ.

ಚಕ್ರ ಕೊಳ್ಳುವಾಗ ವ್ಯಾಸದ ಜೊತೆಗೆ ನಾಲ್ಕು ಅಂಶಗಳನ್ನು ನೋಡಬೇಕು. ಮೊದಲನೆಯದು ನಟ್ಟುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ. ಸ್ವಿಫ್ಟ್‌ಗೆ ಇದು 4x100, ಅಂದರೆ 100 ಮಿ.ಮೀ. ವೃತ್ತದಲ್ಲಿ ನಾಲ್ಕು ನಟ್ಟುಗಳು. ಎರಡನೆಯದು ನಡುವಿನ ರಂಧ್ರ. ಹೋಂಡಾ ಜಾಝ್ ಕಾರಿನದೂ 4x100 ಅಳತೆಯೇ. ಆದರೆ ಅದರ ನಡುರಂಧ್ರ 56.1 ಮಿ.ಮೀ., ಸ್ವಿಫ್ಟ್‌ನದು 54.1 ಮಿ.ಮೀ. ಜಾಝ್‌ನ ಚಕ್ರ ಸ್ವಿಫ್ಟ್‌ಗೆ ಕೂತಂತೆ ಕಂಡರೂ ನಡುವೆ ಸಡಿಲವಿರುತ್ತದೆ. ಆ ಸಂದಿಗೆ ಸರಿಯಾದ ಉಂಗುರ ಹಾಕದಿದ್ದರೆ ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗುವ ಸಾಧ್ಯತೆ ಇದೆ.

ಮೂರನೆಯದು ಆಫ್‌ಸೆಟ್. ಚಕ್ರ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಎಂಬುದನ್ನು ಇದು ನಿರ್ಧರಿಸುತ್ತದೆ. ಚಕ್ರ ಅತಿಯಾಗಿ ಹೊರಚಾಚಿದರೆ ಬೇರಿಂಗ್ ಮೇಲೆ ಒತ್ತಡ ಹೆಚ್ಚುತ್ತದೆ. ನಾಲ್ಕನೆಯದು ರಿಮ್ಮಿನ ಅಗಲ. 185/65 ಟೈರಿಗೆ 5ರಿಂದ 6.5 ಇಂಚು ಅಗಲದ ರಿಮ್ ಸೂಕ್ತ. ನಟ್ಟಿನ ತಲೆಯ ಆಕಾರ, ಅಂದರೆ ಶಂಕುವೋ ಗೋಳವೋ ಎಂಬುದು ಹೊಸ ಚಕ್ರದ ಕುಳಿಗೆ ಹೊಂದಲೇಬೇಕು. ಇಲ್ಲವಾದರೆ ನಟ್ಟು ಓಡುವಾಗ ಸಡಿಲಗೊಳ್ಳಬಹುದು.

ಕೊಳ್ಳುವಾಗಿನ ಪರೀಕ್ಷೆ

ಕೇಂದ್ರ ಸರ್ಕಾರದ 2009ರ ಗುಣಮಟ್ಟ ನಿಯಂತ್ರಣ ಆದೇಶದನ್ವಯ ಕಾರಿನ ಟೈರುಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಉರುಳುವಾಗಿನ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ ಮತ್ತು ಸದ್ದಿನ ಮಿತಿಗಳನ್ನು ರಸ್ತೆ ಸಾರಿಗೆ ಸಚಿವಾಲಯ 2022ರ ಜೂನ್‌ನಲ್ಲಿ ಅಧಿಸೂಚನೆಯ ಮೂಲಕ ಗೊತ್ತುಪಡಿಸಿತು. ತಯಾರಿಕೆಯ ಕಾಲವನ್ನು ಟೈರಿನ ಮೇಲಿರುವ ನಾಲ್ಕು ಅಂಕಿಗಳಿಂದ ತಿಳಿಯಬಹುದು: 2324 ಎಂದಿದ್ದರೆ 2024ರ 23ನೇ ವಾರ. ಬಳಸದೆ ಇಟ್ಟರೂ ರಬ್ಬರ್ ಗಡುಸಾಗುತ್ತದೆ. ಆದ್ದರಿಂದ ರಿಯಾಯಿತಿ ದರದ ಟೈರ್ ಕಂಡಾಗ ಮೊದಲು ಈ ಅಂಕಿಗಳನ್ನು ಓದಬೇಕು.

ಕಾನೂನು ಮತ್ತು ವಿಮೆ

ವಾಹನದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಾಡು ಮಾಡುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ನಿಯಮ ಮೀರಿದ ಪ್ರತಿಯೊಂದು ಮಾರ್ಪಾಡಿಗೆ ₹5,000 ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. ಅದೇ ಕಾರಿನ ಮೇಲ್ಹಂತದ ಮಾದರಿಗೆ ಕಂಪನಿಯೇ ಕೊಡುವ ಅಳತೆಯನ್ನು ಆಯ್ದುಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಸುರಕ್ಷಿತ ಹಾದಿ. ಚಾಲಕರ ಬಾಗಿಲ ಚೌಕಟ್ಟಿನ ಚೀಟಿ ಮತ್ತು ಮಾಲೀಕರ ಕೈಪಿಡಿಯಲ್ಲಿ ಈ ವಿವರ ದೊರೆಯುತ್ತದೆ.

ಅಲಾಯ್ ಹಾಕಿಸಿದ್ದನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಟೈರಿಗಷ್ಟೇ ಆದ ಹಾನಿಗೆ ಪರಿಹಾರವಿಲ್ಲ. ಅಪಘಾತದಲ್ಲಿ ಕಾರಿಗೂ ಪೆಟ್ಟಾಗಿದ್ದರೆ ಹೊಸ ಟೈರಿನ ಬೆಲೆಯ ಶೇ 50ರವರೆಗೆ ಮಾತ್ರ ಸಿಗುತ್ತದೆ.

ಕೂರಿಸಿದ ಮೇಲೆ

ಹೊಸ ಚಕ್ರಗಳಿಗೆ ಬ್ಯಾಲೆನ್ಸಿಂಗ್, ಕಾರಿಗೆ ಅಲೈನ್‌ಮೆಂಟ್ ತಪ್ಪದೆ ಮಾಡಿಸಬೇಕು. ನಟ್ಟುಗಳನ್ನು ಒಂದರ ನಂತರ ಎದುರಿನದು ಎಂಬ ಕ್ರಮದಲ್ಲಿ ಬಿಗಿದು, ಸುಮಾರು 100 ಕಿ.ಮೀ. ಓಡಿಸಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು. ಎರಡೇ ಹೊಸ ಟೈರ್ ಕೊಂಡಿದ್ದಲ್ಲಿ ಅವು ಹಿಂದಿನ ಚಕ್ರಗಳಿಗಿರಲಿ. ಒದ್ದೆ ರಸ್ತೆಯಲ್ಲಿ ಕಾರಿನ ಹಿಂಭಾಗ ಜಾರಿದರೆ ಅದನ್ನು ಹತೋಟಿಗೆ ತರುವುದು ಕಷ್ಟ. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗ ನೋಡಬೇಕು. ಹಳೆಯ ಅಳತೆಯ ಸ್ಟೆಪ್ನಿಯನ್ನೇ ಉಳಿಸಿಕೊಂಡಿದ್ದರೆ ಅದನ್ನು ಪಂಕ್ಚರ್ ಅಂಗಡಿ ತಲುಪುವವರೆಗಷ್ಟೇ, ನಿಧಾನವಾಗಿ ಬಳಸತಕ್ಕದ್ದು. ಗೀರುಗಳ ನಡುವಿನ ಸವೆತ ಸೂಚಕದ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ ಟೈರ್ ಸವೆದರೆ ಬದಲಿಸಲೇಬೇಕು. ಮಳೆನಾಡಿನವರು ಅಲ್ಲಿಯವರೆಗೆ ಕಾಯದಿರುವುದು ಲೇಸು.

ಕೈಯಲ್ಲಿರುವ ಹಣಕ್ಕೆ ಮಿತಿಯಿದ್ದರೆ ಆದ್ಯತೆ ಸ್ಪಷ್ಟ. ಮೊದಲು ಕಂಪನಿ ಒಪ್ಪಿದ ಅಳತೆಯ ಒಳ್ಳೆಯ ಟೈರ್, ನಂತರ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಮಿಕ್ಕಿದರೆ ಅಲಾಯ್. ಹೊಳೆಯುವ ಚಕ್ರ ಕಾರು ನಿಂತಾಗ ಕಣ್ಣಿಗೆ ಹಬ್ಬ. ಕಾರನ್ನು ಸಮಯಕ್ಕೆ ನಿಲ್ಲಿಸುವುದು ಮಾತ್ರ ಅದರ ಸುತ್ತಲಿನ ಕಪ್ಪು ರಬ್ಬರ್.