ಒನೇಸಿಮನೆಂಬ ಹೆಸರು

ಪೌಲ, ಯೋಹಾನ, ಸಮುವೇಲ ಎಂಬ ಹೆಸರುಗಳು ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಕ್ರೈಸ್ತ ಮನೆಗಳಿಗೆ ಪರಿಚಿತ. ಒನೇಸಿಮ ಎಂಬುದು ಅಪರೂಪ. ಗ್ರೀಕ್ ಹೆಸರು ಈ ಸೀಮೆಗೆ ಹೊಸತೆಂದಲ್ಲ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ರೈಲು ಸಾಗಿತು. ಆ ನಗರಕ್ಕೆ ಹೆಸರು ಬಂದದ್ದು ಮೂರನೆಯ ನಿಜಾಮ ಸಿಕಂದರ್ ಜಾಹನಿಂದ; ‘ಸಿಕಂದರ್’ ಎಂಬುದೋ ಅಲೆಕ್ಸಾಂದ್ರನ ಪಾರಸಿ ರೂಪ. ದಂಡಯಾತ್ರೆಯ ಅರಸನ ಹೆಸರು ರೈಲು ಫಲಕವನ್ನೇರಿತು. ದಾಸನ ಹೆಸರು ಪೌಲನ ಎರಡು ಪತ್ರಿಕೆಗಳಲ್ಲೇ ಉಳಿಯಿತು.

ಒನೇಸಿಮೊಸ್ ಎಂದರೆ ಉಪಯೋಗಕ್ಕೆ ಬರುವವನು. ರೋಮ್ ಸಾಮ್ರಾಜ್ಯದಲ್ಲಿ ದಾಸರಿಗೆ ಇಡುತ್ತಿದ್ದ ಹೆಸರುಗಳಲ್ಲಿ ಇದೂ ಒಂದು. ಅದರಲ್ಲಿ ಹೆತ್ತವರ ಹಾರೈಕೆಗಿಂತ ಒಡೆಯನ ನಿರೀಕ್ಷೆಯೇ ಹೆಚ್ಚು ಕೇಳಿಸುತ್ತದೆ. ಫಿಲೆಮೋನನಿಗೆ ಬರೆಯುವಾಗ ಪೌಲನು 11ನೆಯ ವಚನದಲ್ಲಿ ಈ ಅರ್ಥವನ್ನೇ ಹಿಡಿಯುತ್ತಾನೆ: ಮೊದಲು ‘ಆಖ್ರೇಸ್ತೊಸ್’, ಅಂದರೆ ನಿಷ್ಪ್ರಯೋಜಕನಾಗಿದ್ದವನು ಈಗ ‘ಯೂಖ್ರೇಸ್ತೊಸ್’, ಪ್ರಯೋಜಕನು. 20ನೆಯ ವಚನದಲ್ಲಿ ಮಾತು ತಿರುಗುತ್ತದೆ. ಫಿಲೆಮೋನನಿಂದ ತನಗೆ ಪ್ರಯೋಜನವಾಗಲಿ ಎಂದು ಕೋರುವಾಗ ಪೌಲನು ಬಳಸಿದ ಕ್ರಿಯಾಪದ ‘ಒನೈಮೆನ್’. ಅದು ಒನೇಸಿಮನ ಹೆಸರಿಗೆ ಮೂಲವಾದ ಧಾತುವಿನಿಂದಲೇ ಬಂದುದು. ದಾಸನ ಮೇಲಿದ್ದ ನಿರೀಕ್ಷೆ ಒಡೆಯನ ತಲೆಗೇ ಬಂದಿತು! ಕನ್ನಡದಲ್ಲಿ ಅರ್ಥ ಉಳಿದಿದೆ, ಶ್ಲೇಷೆ ಉಳಿದಿಲ್ಲ; ಬೋಧಕರು ಬಿಡಿಸಿ ಹೇಳದಿದ್ದರೆ ಸಭೆಗೆ ತಿಳಿಯದು.

ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನಾತಿಯುಸನು ಎಫೆಸದ ಬಿಷಪ್ ಒನೇಸಿಮನನ್ನು ಹೊಗಳುತ್ತಾನೆ. ಅವನೇ ಇವನೆಂದು ಕೆಲವರ ವಾದ. ಹೆಸರು ಅಷ್ಟು ಸಾಮಾನ್ಯವಾಗಿದ್ದ ಕಾಲದಲ್ಲಿ ಹೆಸರೊಂದನ್ನೇ ನಂಬುವುದು ದುರ್ಬಲ ವಾದವೆಂದು ನನ್ನ ಎಣಿಕೆ.

ಮುಂದೆಯೂ ಈ ಹೆಸರು ದಾಸ್ಯವನ್ನು ಬಿಡಲಿಲ್ಲ. ಬೋಸ್ಟನ್ನಿನ ಪಾದ್ರಿ ಕಾಟನ್ ಮ್ಯಾದರನು ತನ್ನ ಆಫ್ರಿಕನ್ ಗುಲಾಮನಿಗೆ ಇದನ್ನೇ ಇಟ್ಟನು; 1721ರ ಸಿಡುಬಿನ ಹಾವಳಿಯಲ್ಲಿ ಆ ಊರು ಚುಚ್ಚುಮದ್ದಿನತ್ತ ತಿರುಗಲು ಆ ಗುಲಾಮನು ತಿಳಿಸಿದ್ದ ಆಫ್ರಿಕದ ಪದ್ಧತಿಯೂ ಕಾರಣವಾಯಿತು. ಇಥಿಯೋಪಿಯದ ಒರೊಮೊ ಜನಾಂಗದ ನೆಸಿಬನು ಬಾಲ್ಯದಲ್ಲೇ ಮಾರಾಟವಾಗಿ, ಬಿಡುಗಡೆ ಹೊಂದಿ, ದೀಕ್ಷಾಸ್ನಾನದಲ್ಲಿ ಒನೇಸಿಮನಾದನು. ಆದರೂ ನೆಸಿಬ್ ಎಂಬುದನ್ನು ಬಿಡಲಿಲ್ಲ. ಅವನ ಶ್ರಮದ ಒರೊಮೊ ಬೈಬಲ್ 1899ರಲ್ಲಿ ಅಚ್ಚಾಯಿತು.

ನಮ್ಮಲ್ಲಿ ದೀಕ್ಷಾಸ್ನಾನಕ್ಕೆ ಬಂದವನ ಹೆಸರು ತಿಪ್ಪಣ್ಣ ಎಂದಾದರೆ ಬದಲಿಸಬೇಕೆ ಎಂಬ ಪ್ರಶ್ನೆ ಏಳುತ್ತದೆ. ಹಿಂದೆ ಹುಟ್ಟಿದ ಕೂಸುಗಳು ಉಳಿಯದಿದ್ದಾಗ, ಇದಾದರೂ ಉಳಿಯಲಿ ಎಂದು ತಾಯಂದಿರು ಇಟ್ಟ ಹೆಸರದು. ಶಹಾಬಾದಿನ ಕಲ್ಲುಗಣಿಯ ಕೂಲಿಕಾರನಿಗೆ ಅದರಿಂದ ನಾಚಿಕೆಯಾಗಬೇಕಿಲ್ಲ. ಆದಿಸಭೆಯಲ್ಲಿ ಅಪೊಲ್ಲೋಸನೂ, ಅಪ್ರೊದೀತೆಯೆಂಬ ದೇವತೆಯ ಹೆಸರನ್ನು ಹೊತ್ತ ಎಪಫ್ರೊದೀತನೂ ತಮ್ಮ ಹೆಸರುಗಳಲ್ಲೇ ಸೇವೆಮಾಡಿದರು. ಒನೇಸಿಮನ ಹೆಸರನ್ನೂ ಪೌಲನು ಮುಟ್ಟಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ತುಖಿಕನನ್ನು ಜೊತೆದಾಸನೆಂದು ಕರೆದು, ಎರಡು ವಚನಗಳ ತರುವಾಯ ಬರುವ ಒನೇಸಿಮನಿಗೆ ಮಾತ್ರ ದಾಸನೆಂಬ ಮಾತನ್ನು ಬಿಟ್ಟು, ಸಹೋದರನೆಂದೂ ಅವರ ಊರಿನವನೆಂದೂ ಬರೆದಿದೆ.