ಬೆಂಕಿ ಆರಿಸಿದ ಕಾಡು, ಆರಿಸದ ಕಾಡು

ಹಳೆಯ ಪೈನ್ ಮರದ ಬುಡವನ್ನು ಅಡ್ಡ ಕೊಯ್ದರೆ ಉಂಗುರಗಳ ನಡುವೆ ಕೆಲವೊಮ್ಮೆ ಕಪ್ಪು ಕಲೆಗಳು ಕಾಣುತ್ತವೆ. ಒಂದೊಂದು ಕಲೆಯೂ ಒಂದೊಂದು ಕಾಡ್ಗಿಚ್ಚಿನ ಗುರುತು. ಬೆಂಕಿ ಬುಡವನ್ನು ಸುಟ್ಟಿದೆ, ಮರ ಸತ್ತಿಲ್ಲ; ಗಾಯದ ಅಂಚಿನಿಂದ ಮತ್ತೆ ಬೆಳೆದಿದೆ. ಉಂಗುರ ಎಣಿಸಿದರೆ ಬೆಂಕಿ ಬಿದ್ದ ವರ್ಷ ಸಿಗುತ್ತದೆ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಪೈನ್ ಕಾಡುಗಳಲ್ಲಿ ಇಂಥ ಕಲೆಗಳು ಶತಮಾನಗಳುದ್ದಕ್ಕೂ ಮತ್ತೆ ಮತ್ತೆ ಬರುತ್ತವೆ. 20ನೇ ಶತಮಾನಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತವೆ. ಹಿಂದಿನ ಬೆಂಕಿಗಳಲ್ಲಿ ಕೆಲವು ಸಿಡಿಲಿನವು, ಕೆಲವು ಮೂಲನಿವಾಸಿಗಳು ಬೇಕೆಂದೇ ಹಚ್ಚಿದವು. ಹುಲ್ಲುಗಾವಲಿಗೆ ಬೆಂಕಿ ಇಡುವುದನ್ನು 1850ರ ಕ್ಯಾಲಿಫೋರ್ನಿಯಾ ಕಾಯ್ದೆ ಅಪರಾಧವಾಗಿಸಿತು. 1910ರಲ್ಲಿ ಐಡಾಹೊ, ಮೊಂಟಾನಾಗಳಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟುಹೋದ ಮೇಲಂತೂ ಅಮೆರಿಕದ ಅರಣ್ಯ ಇಲಾಖೆಗೆ ಬೆಂಕಿಯೆಂದರೆ ಶತ್ರುವೇ ಆಯಿತು. ಕಂಡ ಬೆಂಕಿ ಮರುದಿನ ಬೆಳಗಿನ 10 ಗಂಟೆಯೊಳಗೆ ಹತೋಟಿಗೆ ಬರಬೇಕು ಎಂದು 1935ರಲ್ಲಿ ನಿಯಮವಾಯಿತು.

ಗಡಿಯಾಚೆ, ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ಸಾನ್ ಪೆದ್ರೊ ಮಾರ್ತಿರ್ ಎಂಬ ಬೆಟ್ಟಸಾಲಿದೆ. ಅಲ್ಲಿಯೂ ಜೆಫ್ರಿ ಪೈನ್ ಕಾಡು, ಅದೇ ಒಣ ಬೇಸಿಗೆ. ಆದರೆ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಮರ ಕಡಿಯಲಿಲ್ಲ. ಬೆಂಕಿ ಆರಿಸುವ ಏರ್ಪಾಡು ಬಂದದ್ದೇ 1970ರ ದಶಕದಲ್ಲಿ.

ಎರಡು ಕಾಡುಗಳ ರೂಪವೇ ಬೇರೆಯಾಗಿದೆ. ಮೆಕ್ಸಿಕೊದಲ್ಲಿ ದೊಡ್ಡ ಮರಗಳು ಗುಂಪುಗುಂಪಾಗಿ ನಿಂತಿವೆ, ನಡುನಡುವೆ ಬಯಲು. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಪೈನ್‌ಗಳನ್ನು ಕಡಿದ ಜಾಗದಲ್ಲೂ, ಉಳಿದವುಗಳ ನೆರಳಲ್ಲೂ ಸಣ್ಣ ಫರ್ ಮರಗಳು ಒತ್ತಾಗಿ ಎದ್ದಿವೆ. ನೆಲದ ಬೆಂಕಿ ತುದಿಗೇರಲು ಅವುಗಳ ಕೆಳಗೊಂಬೆಗಳೇ ಏಣಿ. ವರ್ಷಗಟ್ಟಲೆ ಬರದ ಬೆನ್ನಿಗೇ 2003ರಲ್ಲಿ ಸಾನ್ ಪೆದ್ರೊದಲ್ಲಿ ಬೆಂಕಿ ಬಿದ್ದಾಗ ಹೆಚ್ಚಿನ ಮರಗಳು ಉಳಿದವು. 2020ರಲ್ಲಿ ಸಿಯೆರಾ ನೆವಾಡಾದ ಕ್ಯಾಸಲ್ ಕಾಡ್ಗಿಚ್ಚಿಗೆ ಜಗತ್ತಿನ ದೊಡ್ಡ ಸಿಕ್ವೊಯಾ ಮರಗಳಲ್ಲಿ ಹತ್ತರಲ್ಲೊಂದಾದರೂ ಬಲಿಯಾಯಿತೆಂಬ ಅಂದಾಜಿದೆ. ನೂರಾರು ವರ್ಷ ಎಷ್ಟೋ ಬೆಂಕಿಗಳನ್ನು ದಾಟಿ ಬಂದಿದ್ದ ಮರಗಳವು.

ಕ್ಯಾಲಿಫೋರ್ನಿಯಾದ್ದು ನಿರ್ವಹಣೆ ಕಂಡ ಕಾಡು, ಮೆಕ್ಸಿಕೊದ್ದು ನಿರ್ವಹಣೆ ಕಾಣದ ಕಾಡು ಎನ್ನುವುದು ವಾಡಿಕೆ. ಅನುವಾದ ಮಾಡುವ ನನಗೆ ಈ ಜೋಡಿಪದ ಕನ್ನಡಕ್ಕೆ ಬರುವಾಗಲೆಲ್ಲ ಮುಜುಗರ. ‘ನಿರ್ವಹಣೆ ಇಲ್ಲದ’ ಎಂದರೆ ನಮ್ಮ ಕಿವಿಗೆ ಹಾಳುಬಿಟ್ಟದ್ದು ಎಂದೇ ಕೇಳುತ್ತದೆ. ಮೂಲನಿವಾಸಿಗಳು ಬೆಂಕಿ ಹಚ್ಚಿ ಕಾಡನ್ನು ತೆರವಾಗಿ ಇಟ್ಟುಕೊಂಡದ್ದು ನಿರ್ವಹಣೆಯಲ್ಲವೇ? ಅದನ್ನು ಲೆಕ್ಕಕ್ಕೆ ಹಿಡಿಯದ್ದರಿಂದಲೇ ನಿಷೇಧಿಸುವುದೂ ಸುಲಭವಾಯಿತು.

1968ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳು ನೀತಿ ಬದಲಿಸಿದವು. ಸಿಕ್ವೊಯಾ ಸೀಮೆಯಲ್ಲಿ ಅಧಿಕಾರಿಗಳೇ ಬೆಂಕಿ ಹಚ್ಚತೊಡಗಿದರು. ಆದರೆ ಅಷ್ಟರಲ್ಲಿ ಅರ್ಧ ಶತಮಾನದ ತರಗು, ಪೊದೆ ಕಾಡಿನ ನೆಲದಲ್ಲಿ ಸೇರಿಕೊಂಡಿತ್ತು.